ಹಸಿರು ಗೆರೆಯ ಹಲಗೆ

ನಾನು ಒಂದು ಹಲಗೆ. ಹೆಬ್ಬಲಸಿನ ಹಲಗೆ. ಕುಲವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಚೆಗೆ ಪ್ಲೈವುಡ್ಡಿನ ತುಂಡುಗಳೂ ತಮ್ಮನ್ನು ಹಲಗೆ ಎಂದು ಕರೆದುಕೊಳ್ಳುತ್ತಿವೆ. ಘಟ್ಟದ ಬುಡದಲ್ಲಿ ಮರವಾಗಿದ್ದವನು ಪಡುಕಳದ ಕಡಲ ದಂಡೆಗೆ ಬಂದು ದೋಣಿಯ ಪಕ್ಕೆಯಾದೆ. ಆಚಾರಿ ನನ್ನನ್ನು ಉಜ್ಜಿ ನುಣುಪು ಮಾಡಿ, ಅಂಚಿಗೆ ತೂತು ಕೊರೆದು, ತೆಂಗಿನ ಹುರಿಯಲ್ಲಿ ಪಕ್ಕದ ಹಲಗೆಗೆ ಹೊಲಿದ. ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ನನ್ನ ಮೊದಲ ಯಜಮಾನ ದೂಮಣ್ಣ. ಇಪ್ಪತ್ತಾರು ವರ್ಷ ಅವನ ಒದ್ದೆ ಪಾದಗಳನ್ನು ನೋಡಿದೆ. ಅವನು ಗಡಿಯಾರ ಕಟ್ಟಿದವನಲ್ಲ. ಬೆಳಿಗ್ಗೆ ಹೊರಡುವ ಮೊದಲು ಹೆಂಡತಿ ಬೇಬಿಯಕ್ಕನನ್ನು ತಿಥಿ ಕೇಳುತ್ತಿದ್ದ. ಅವಳು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ಹೇಳುತ್ತಿದ್ದಳು. ಹುಣ್ಣಿಮೆ, ಅಮಾವಾಸ್ಯೆಗೆ ಬೆಳಿಗ್ಗೆ ಆರು ಗಂಟೆಗೆ ಕಡಲು ದೂರ ಸರಿದು, ಒದ್ದೆ ಮರಳು ಸಿಮೆಂಟಿನ ನೆಲದಷ್ಟು ಗಟ್ಟಿಯಾಗಿ ಬಿದ್ದಿರುತ್ತದೆ. ಆಮೇಲೆ ದಿನದಿಂದ ದಿನಕ್ಕೆ ಅದೇ ಆರು ಗಂಟೆಗೆ ನೀರು ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ನವಮಿ, ದಶಮಿಯ ಹೊತ್ತಿಗೆ ಗಟ್ಟಿ ಮರಳೆಲ್ಲ ಮುಳುಗಿ, ಕಾಲು ಹೂತುಹೋಗುವ ಸಡಿಲ ಮರಳಷ್ಟೇ ನಡೆಯಲು ಉಳಿಯುತ್ತದೆ. ಪಡುಕಳದಲ್ಲಿ ಮೀನು ಒಣಗಿಸುವವರಿಗೆಲ್ಲ ಗೊತ್ತಿರುವ ವಿಷಯ ಇದು.

ದೂಮಣ್ಣ ತೀರಿಕೊಂಡ ಮೇಲೆ ದೋಣಿ ಬಿಚ್ಚಿಹೋಯಿತು. ಬೇಬಿಯಕ್ಕನ ಮೀನು ಒಣಗಿಸುವ ಅಂಗಳದ ಪಕ್ಕದಲ್ಲಿ ನಾನು ಮಲಗಿದ್ದೆ. ಆಗ ಬಂದವರು ಬೆಳಗಿನ ಓಟಗಾರರ ಸಂಘದ ಕಾರ್ಯದರ್ಶಿ ಮನೋಹರ ಹೆಗ್ಡೆಯವರು. ನನ್ನನ್ನು ತಟ್ಟಿ ನೋಡಿ, "ಎಷ್ಟು ಚಂದದ ಹಳೇ ಲುಕ್ ಉಂಟು ಮಾರಾಯ್ರೆ!" ಎಂದರು. ಕಡಲಿನಲ್ಲಿ ಕಳೆದ ನನ್ನ ಇಡೀ ಆಯುಷ್ಯ ಅವರಿಗೆ ಒಂದು ಲುಕ್ ಆಗಿ ಕಂಡಿತು.

ಓಟದ ಮಾರ್ಗ ತೋರಿಸುವ ಬೋರ್ಡಾಗಿ ನನ್ನನ್ನು ದಂಡೆಯಲ್ಲಿ ಎರಡು ಕಂಬಗಳಿಗೆ ಬಿಗಿದರು. ಪೇಂಟರ್ ನನ್ನ ಮೇಲೆ ಮೂರು ಗೆರೆ ಎಳೆದ. ಕೆಂಪು ಗೆರೆ ಕಠಿಣ, ಹತ್ತು ಕಿಲೋಮೀಟರ್, ಬಂಡೆಗಳ ದಾರಿಯಲ್ಲಿ ಸೇತುವೆಯ ತನಕ. ಹಳದಿ ಮಧ್ಯಮ, ಐದು ಕಿಲೋಮೀಟರ್, ತೆಂಗಿನ ತೋಟಗಳ ನಡುವಿನ ರಸ್ತೆ. ಹಸಿರು ಸುಲಭ, ಮೂರು ಕಿಲೋಮೀಟರ್, ಮರಳ ಮೇಲೆ ನದಿ ಕಡಲು ಸೇರುವ ಅಳಿವೆಗೆ ಹೋಗಿ ಬರುವುದು. ಅದರ ಕೆಳಗೆ, 'ಹೊಸಬರಿಗೆ, ಹಿರಿಯರಿಗೆ, ಹೃದಯಕ್ಕೆ ಉತ್ತಮ'. ಉದ್ಘಾಟನೆಯ ದಿನ ಬುಟ್ಟಿ ಹೊತ್ತು ಬಂದ ಬೇಬಿಯಕ್ಕ ಕೇಳಿದಳು, "ಇದನ್ನು ಯಾವ ತಿಥಿಗೆ ಅಳತೆ ಮಾಡಿದ್ದು?"

ಹೆಗ್ಡೆಯವರು ನಕ್ಕರು. "ತಿಥಿ ಎಂತಕ್ಕೆ ಅಕ್ಕಾ, ಇದೇನು ಮದುವೆಯಾ? ಜಿಪಿಎಸ್‌ನಲ್ಲಿ ಅಳತೆ ಮಾಡಿದ್ದು."

ಅಳತೆ ಮಾಡಿದ್ದು ಹುಣ್ಣಿಮೆಯ ಬೆಳಿಗ್ಗೆ. ಒಂದೇ ಒಂದು ಬೆಳಿಗ್ಗೆ.

ಮರುದಿನದಿಂದ ಓಟಗಾರರು ಬರತೊಡಗಿದರು. ಅವರ ಬಗ್ಗೆ ಏನು ಹೇಳಲಿ? ಕೆಂಪು ಗೆರೆಯ ವೀರರು ಮೊದಲ ತಿರುವಿನ ತನಕ ಕುದುರೆಗಳಂತೆ ಓಡಿ, ಅಲ್ಲಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು, ತಲೆಗೆ ನೀರು ಸುರಿದುಕೊಂಡು ಏದುಸಿರು ಬಿಡುತ್ತಾ ವಾಪಸಾಗುತ್ತಿದ್ದರು. ಹಳದಿಯವರು ಓಡುತ್ತಿದ್ದದ್ದು ಫೋಟೊದಲ್ಲಿ ಮಾತ್ರ. ಒಬ್ಬಾತ ಕಡಲಿನ ಕಡೆ ಮುಖ ಮಾಡಿ ಸೂರ್ಯೋದಯಕ್ಕೆ ಅರ್ಧ ಗಂಟೆ ಕಾದ. ಪಡುವಣ ಕಡಲಿನಲ್ಲಿ ಸೂರ್ಯ ಹುಟ್ಟಲಿಲ್ಲವೆಂದು ಬೇಸರಪಟ್ಟುಕೊಂಡು ಹೋದ. ಎಲ್ಲರೂ ನನ್ನ ಮೇಲೆ ಒಂದು ಕಾಲಿಟ್ಟು ಸೊಂಟ ಬಗ್ಗಿಸುತ್ತಿದ್ದರು. ದೂಮಣ್ಣನ ಪಾದ ಕಂಡ ನನಗೆ ಈ ಬಣ್ಣಬಣ್ಣದ ಬೂಟುಗಳ ಅಡಿಭಾಗ ನೋಡುವ ಗತಿ ಬಂತು. ಓಡುವುದಕ್ಕಿಂತ ಹೆಚ್ಚು ಹೊತ್ತು ಕೈಗಡಿಯಾರ ನೋಡುವ ಈ ಜನರನ್ನು ಕಂಡು ನನಗೆ ನಗು ಬರುತ್ತಿತ್ತು, ಆಮೇಲೆ ಅಸಹ್ಯ ಬರುತ್ತಿತ್ತು.

ಎರಡನೆಯ ವರ್ಷ, ಒಂದು ಹುಣ್ಣಿಮೆಯ ಮರುದಿನ, ಜನಾರ್ದನ ಶೇರಿಗಾರರು ಬಂದರು. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಎರಡು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು. ದಿನಾ ಸಮತಟ್ಟಾದ ಕಡೆ ನಿಧಾನಕ್ಕೆ ನಡೆಯಿರಿ, ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಜೊತೆಯಲ್ಲಿ ಹೆಂಡತಿ ವಾರಿಜಕ್ಕ, ಕೈಯಲ್ಲಿ ನೀರಿನ ಬಾಟಲಿ. ವಾರಿಜಕ್ಕನೇ ಕನ್ನಡಕ ಏರಿಸಿಕೊಂಡು ನನ್ನನ್ನು ಗಟ್ಟಿಯಾಗಿ ಓದಿದರು.

"ಇಲ್ಲಿ ನೋಡಿ, ಹಸಿರು. ಹೃದಯಕ್ಕೆ ಉತ್ತಮ ಅಂತ ಬರ್ದಿದ್ದಾರೆ. ರಸ್ತೆ ಬೇಡ, ಬಸ್ಸುಗಳು ಬರ್ತವೆ."

"ಬಸ್ಸಿನಲ್ಲೇ ಮುದುಕ ಆದವನಿಗೆ ಬಸ್ಸಿನ ಹೆದರಿಕೆಯಾ ಮಾರಾಯ್ತಿ?" ಎಂದರು ಶೇರಿಗಾರರು. ಆದರೂ ಹೆಂಡತಿಯ ಮಾತು ಕೇಳಿದರು. ಅವರು ನಡೆದು ಬರುವ ತನಕ ವಾರಿಜಕ್ಕ ನನ್ನ ಹತ್ತಿರವೇ ಕಾಯುತ್ತಿದ್ದರು.

ಮೊದಲ ಮೂರು ದಿನ ಮರಳು ಗಟ್ಟಿಯಿತ್ತು. ಮನುಷ್ಯ ಎದೆಯುಬ್ಬಿಸಿ ಹಿಂತಿರುಗಿದರು. ಬರುವ ತಿಂಗಳು ಹಳದಿಗೆ ಬಡ್ತಿ ಎಂದು ಹೆಂಡತಿಗೆ ಹೇಳಿದರು. ಇವರೂ ಅದೇ ಜಾತಿ ಎಂದು ನಾನು ಮೂಗು ಮುರಿದೆ.

ನಾಲ್ಕನೆಯ ದಿನದಿಂದ ನೀರು ಮೇಲೆ ಬಂತು. ಕಾಲಡಿಯ ಮರಳು ಸಡಿಲವಾಯಿತು. ಬದಲಾದದ್ದು ಕಡಲು ಎಂದು ಅವರಿಗೆ ಗೊತ್ತಾಗಲಿಲ್ಲ. ಘಟ್ಟದ ಮೇಲೂ ಕೆಳಗೂ ಬಸ್ಸಿನಲ್ಲಿ ನಿಂತು ಆಯುಷ್ಯ ಕಳೆದವರು, ತಿಥಿ ನೋಡಿ ಕಡಲಿಗೆ ಇಳಿದವರಲ್ಲ. ಏಳನೆಯ ದಿನ ವಾಪಸು ಬಂದವರು ನನಗೆ ಒರಗಿ ನಿಂತರು. ಬೆವರು ನನ್ನ ಮೇಲೆ ಇಳಿಯಿತು.

"ಶಕ್ತಿ ಕಡಿಮೆ ಆಗ್ತಾ ಉಂಟು ವಾರಿಜಾ. ಮೊದಲ ದಿನ ಆದದ್ದು ಈಗ ಆಗುದಿಲ್ಲ."

"ಬಿಡ್ಬೇಡಿ. ಡಾಕ್ಟ್ರು ತಪ್ಪಿಸ್ಬೇಡಿ ಅಂದಿದ್ದಾರಲ್ಲ? ಸುಲಭದ್ದೇ ಆಗದಿದ್ರೆ ಹೇಗೆ?"

ಆ ಹೆಂಗಸಿಗೆ ಗಂಡನ ಜೀವಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ಅದಕ್ಕೇ ಹಾಗೆ ಹೇಳಿದರು. ಸುಲಭ ಎಂದು ಅವರಿಗೆ ಹೇಳಿದವನು ನಾನು.

ಒಂಬತ್ತನೆಯ ದಿನ ನವಮಿ. ಅಲೆ ಒಣ ಮರಳಿನ ಅಂಚಿಗೆ ಬಂದಿತ್ತು. ಮೀನು ಹರಡುತ್ತಿದ್ದ ಬೇಬಿಯಕ್ಕ ಎದ್ದು ನಿಂತು ಕೂಗಿದಳು, "ಅಣ್ಣಾ, ನೀರು ಏರಿ ಉಂಟು! ಹೂತು ಹೋಗುವ ಮರಳು ಅದು. ರಸ್ತೆಯಲ್ಲಿ ಹೋಗಿ!"

ಬೇರೆಯವರಿಗೂ ಅವಳು ಹೀಗೆ ಕೂಗಿದ್ದುಂಟು. ಅವರ ಕಿವಿಯಲ್ಲಿ ಹಾಡು ಇರುತ್ತಿತ್ತು. ಶೇರಿಗಾರರ ಕಿವಿ ಖಾಲಿಯಿತ್ತು, ಅವರಿಗೆ ಕೇಳಿಸಿತು. ತಿರುಗಿ ನನ್ನ ಕಡೆ ಕೈ ತೋರಿಸಿದರು. "ಬೋರ್ಡಿನಲ್ಲಿ ಬರ್ದುಂಟಲ್ಲ ಅಕ್ಕಾ!"

ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಬೇಕೆಂದು ಅವರು ಅವತ್ತು ಜೋರಾಗಿ ಹೆಜ್ಜೆ ಹಾಕಿದರು. ಅಳಿವೆಯ ಹತ್ತಿರ ಕುಸಿದರು. ಬೇಬಿಯಕ್ಕ ಬುಟ್ಟಿ ಬಿಸಾಡಿ ಓಡಿದಳು. ಪಡುಕಳದಲ್ಲಿ ನಾನು ಕಂಡ ನಿಜವಾದ ಓಟ ಅದೊಂದೇ. ಹೊತ್ತು ತರುವಾಗ ಅವರು ಸತ್ತಿದ್ದರು. ವಾರಿಜಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಲೇ ಇದ್ದರು, ಹಾಕುತ್ತಲೇ ಇದ್ದರು.

ಮುಂದಿನ ಭಾನುವಾರ ಸಂಘದವರು ನನ್ನೆದುರು ಒಂದು ನಿಮಿಷ ಮೌನವಾಗಿ ನಿಂತರು. ನಿಲ್ಲುವ ಮೊದಲು ಎಲ್ಲರೂ ಕೈಗಡಿಯಾರದ ಗುಂಡಿ ಒತ್ತಿದರು, ಆ ಒಂದು ನಿಮಿಷ ಓಟದ ಲೆಕ್ಕಕ್ಕೆ ಸೇರಬಾರದೆಂದು. ಆಮೇಲೆ ಹೆಗ್ಡೆಯವರು, "ಅವರವರ ಫಿಟ್‌ನೆಸ್ಸಿಗೆ ತಕ್ಕ ಮಾರ್ಗ ಆರಿಸಿಕೊಳ್ಳಬೇಕು" ಎಂದರು. ಸತ್ತ ಮನುಷ್ಯ ಆರಿಸಿಕೊಂಡದ್ದು ಅದನ್ನೇ ಅಲ್ಲವೇ? ಉಗುಳಲು ಬಾಯಿ ಇಲ್ಲದ್ದಕ್ಕೆ ಅವತ್ತು ನೊಂದಷ್ಟು ಎಂದೂ ನೊಂದಿಲ್ಲ.

ಆದರೆ ಹೆಗ್ಡೆಯವರನ್ನು ಎಷ್ಟು ಬೈದರೂ ನನಗೆ ಸಮಾಧಾನವಾಗಲಿಲ್ಲ. ಅವರಿಗೆ ಕಡಲು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸುಳ್ಳನ್ನು ಮೈಮೇಲೆ ಬರೆಸಿಕೊಂಡು, ಎರಡು ವರ್ಷ ನೆಟ್ಟಗೆ ನಿಂತು, ಬಂದವರ ಹೊಟ್ಟೆ, ಬೂಟು, ಏದುಸಿರು ನೋಡಿ ಆಡಿಕೊಂಡೆ. ಇವರೆಲ್ಲರಿಗಿಂತ ಕೀಳು ನಾನೇ.

ತಿಂಗಳು ಕಳೆದ ಮೇಲೆ ವಾರಿಜಕ್ಕ ಬಂದರು. ಬೇಬಿಯಕ್ಕನ ಹತ್ತಿರ ಕೂತು ತಿಥಿ, ನೀರು, ಮರಳು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ನನ್ನನ್ನು ಒಡೆಯುತ್ತಾರೆಂದು ಕಾದೆ, ಒಡೆಯಲಿ ಎಂದು ಆಸೆಪಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ನೀರು ಏರಿದೆ, ಮರಳಿನಲ್ಲಿ ಹೋಗಬೇಡಿ ಎಂದು ಹೇಳತೊಡಗಿದರು. ಜನ ಪಕ್ಕಕ್ಕೆ ಸರಿದು ಓಡಿದರು. ಕೆಲವರು ನಕ್ಕರು. ವಾರ ಕಳೆಯುವುದರೊಳಗೆ, ಬೋರ್ಡಿನ ಹತ್ತಿರ ಹೆಂಗಸೊಬ್ಬಳು ನಿಂತರೆ ಸಂಘಕ್ಕೆ ಕೆಟ್ಟ ಹೆಸರು ಎಂದು ತೀರ್ಮಾನವಾಯಿತು. ಬೋರ್ಡು ಇಲ್ಲದಿದ್ದರೆ ಆಕೆ ಹೋಗುತ್ತಾಳೆಂದು ನನ್ನನ್ನು ಕಿತ್ತರು.

ಈಗ ನಾನು ಬೇಬಿಯಕ್ಕನ ಅಂಗಳದಲ್ಲಿ ಅಡ್ಡ ಮಲಗಿದ್ದೇನೆ. ನನ್ನ ಮೇಲೆ ಬಂಗುಡೆ ಸೀಳಿ ಉಪ್ಪು ಹಚ್ಚುತ್ತಾರೆ. ಹಸಿರು ಗೆರೆಯ ಮೇಲೆ ಕತ್ತಿ ಆಡಿ ಆಡಿ ಅಕ್ಷರಗಳು ಅರ್ಧ ಹೋಗಿವೆ. ವಯಸ್ಸಾಯಿತು, ನಾರು ಬಿಡುತ್ತಿದೆ. ನನಗೆ ಇದು ತಕ್ಕ ಜಾಗ.

ವಾರಿಜಕ್ಕ ಹೋಗಲಿಲ್ಲ. ಕಂಬಗಳನ್ನು ಕಿತ್ತ ಎರಡು ಗುಳಿಗಳ ನಡುವೆ ದಿನಾ ಬಂದು ನಿಲ್ಲುತ್ತಾರೆ. ಇವತ್ತು ದಪ್ಪನೆಯ ಹುಡುಗಿಯೊಬ್ಬಳು ಹೊಸ ಬೂಟು ಹಾಕಿ ಬಂದಳು. ವಾರಿಜಕ್ಕ ಏನೋ ಹೇಳಿದರು. ಹುಡುಗಿ ಕಿವಿಯೊಳಗಿನದನ್ನು ತೆಗೆದು, "ಎಂತ ಆಂಟಿ?" ಎಂದು ಕೇಳಿದಳು. ವಾರಿಜಕ್ಕ ಮತ್ತೊಮ್ಮೆ ಹೇಳಿದರು. ಹುಡುಗಿ ನೀರಿನ ಕಡೆ ನೋಡಿದಳು, ತಲೆಯಾಡಿಸಿದಳು, ತಿರುಗಿ ರಸ್ತೆಯ ಕಡೆ ಓಡಿದಳು. ಕೊಬ್ಬು ಕುಲುಕುತ್ತಿತ್ತು, ಹೆಜ್ಜೆ ಸೊಟ್ಟಗಿತ್ತು. ನನಗೆ ನಗು ಬರಲಿಲ್ಲ. ಅವಳು ತೆಂಗಿನ ತೋಟದ ತಿರುವು ದಾಟಿ ಕಾಣದಾಗುವ ತನಕ ವಾರಿಜಕ್ಕ ನೋಡುತ್ತಾ ನಿಂತಿದ್ದರು. ಅವಳು ತಿರುಗಿ ಬರುವ ತನಕವೂ ಅಲ್ಲಿಂದ ಕದಲಲಿಲ್ಲ.