ಅಡಿಕೆ ಡಬ್ಬಿಯೊಳಗಿನ ಸಹಿ

ಬಸವನ ಬಾಗೇವಾಡಿಯಲ್ಲಿ ಹಾಸ್ಟೆಲುಗಳನ್ನು ನೋಡಿಕೊಳ್ಳುವ ಆ ತಾಲ್ಲೂಕು ಕಚೇರಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಆ ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ನಡೆದ ಘಟನೆಗೆ ಒಂದು ಇಡೀ ಅಧ್ಯಾಯ ಮೀಸಲಿಡಬೇಕಾಗುತ್ತದೆ. ಘಟನೆ ಇಷ್ಟು: ಸಾಹೇಬರಾದ ಬಸಂತರಾಯರು ತಮ್ಮ ಕೋಣೆಯಿಂದ ಹೊರಬಂದರು, ಗುಮಾಸ್ತೆ ವಿದ್ಯಾವತಿಯ ಟೇಬಲ್ಲಿನ ಮುಂದೆ ನಿಂತರು, ಸ್ಟೇಪ್ಲರಿನ ಪಕ್ಕದಲ್ಲಿದ್ದ ತಗಡಿನ ಅಡಿಕೆ ಡಬ್ಬಿಯ ಮುಚ್ಚಳ ತೆಗೆದು, ಅದರೊಳಗಿದ್ದ ತಮ್ಮ ಡಿಜಿಟಲ್ ಕೀಯನ್ನು ತಾವೇ ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಮುಚ್ಚಳವನ್ನು ಮತ್ತೆ ಹಾಕಲಿಲ್ಲ.

ವಿದ್ಯಾವತಿ ಆ ಡಬ್ಬಿಯನ್ನೇ ನೋಡುತ್ತ ಕೂತಳು. ಒಳಗೆ ಎರಡು ಗುಂಡುಪಿನ್ನು, ಒಂದು ರಬ್ಬರ್ ಬ್ಯಾಂಡು. ಉಳಿದದ್ದು ಖಾಲಿ. ಏಪ್ರಿಲ್ ಬಿಸಿಲಿಗೆ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು.

"ತಗೊಂಡ್ರು?" ಎಂದ ಹಿಂದಿನ ಟೇಬಲ್ಲಿನ ಯಾಕೂಬಸಾಬ. ಕಚೇರಿಯ ಹಿರಿಯ ಗುಮಾಸ್ತ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು, ಹಾಗಾಗಿ ಅವನಿಗೆ ಯಾವ ಸುದ್ದಿಯೂ ಸ್ವಂತದ್ದು ಅನ್ನಿಸುತ್ತಿರಲಿಲ್ಲ.

"ತಗೊಂಡ್ರು ಕಾಕಾ."

"ಒಂದೂವರಿ ವರ್ಷದಾಗ ಎಂದರ ಹಿಂಗ ತಗೊಂಡಿದ್ರು?"

"ಇಲ್ಲ."

"ಹಂಗಾರ ಬುತ್ತಿ ತಂದೀಯಲ್ಲ, ಈಗ ಉಂಡುಬಿಡು ತಂಗಿ. ಮಧ್ಯಾಹ್ನಕ್ಕ ಗಂಟಲದಾಗ ಇಳಿಯಂಗಿಲ್ಲ."

ಆ ಕೀ ಅನ್ನುವುದು ಬೆರಳುದ್ದದ ನೀಲಿ ಪ್ಲಾಸ್ಟಿಕ್ಕಿನ ತುಂಡು. ಕಂಪ್ಯೂಟರಿಗೆ ಸಿಕ್ಕಿಸಿ ಎಂಟು ಅಂಕಿಯ ಪಿನ್ ಒತ್ತಿದರೆ ಸಾಕು, ಬಸಂತರಾಯರು ಖುದ್ದಾಗಿ ಸಹಿ ಮಾಡಿದ ಹಾಗೆ. ಟೆಂಡರ್ ಕರೆಯುವುದು, ಬಂದ ದರಗಳ ಲಕೋಟೆ ತೆರೆಯುವುದು ಎಲ್ಲವೂ ಕಂಪ್ಯೂಟರಿನ ಪೋರ್ಟಲಿಗೆ ಹೋದ ಮೇಲೆ ಹಾಸ್ಟೆಲಿನ ಬಕೀಟಿನಿಂದ ಹಿಡಿದು ಬಾವಿಯ ಪಂಪಿನ ತನಕ ಎಲ್ಲದಕ್ಕೂ ಅದೇ ಬೇಕು. ಅಧಿಕಾರಿ ಇದನ್ನು ಇನ್ನೊಬ್ಬರ ಕೈಗೆ ಕೊಡತಕ್ಕದ್ದಲ್ಲ ಎಂದು ಸುತ್ತೋಲೆ ಬಂದಿತ್ತು. ಆ ಸುತ್ತೋಲೆಯನ್ನು ನಂಬರ್ ಹಾಕಿ ಫೈಲಿಗೆ ಸೇರಿಸಿದವಳೂ ವಿದ್ಯಾವತಿಯೇ.

ಬಸಂತರಾಯರು ಲಂಚದ ಮನುಷ್ಯರಲ್ಲ. ಗುತ್ತಿಗೆದಾರರು ತಂದ ಪೇಡೆಯನ್ನೂ ಅವರು ಹಿಂದಕ್ಕೆ ಕಳಿಸುತ್ತಿದ್ದರು. ಅವರದು ಒಂದೇ ನೇಮ: ರಾಹುಕಾಲದಲ್ಲಿ ಯಾವ ಹೊಸ ಕೆಲಸಕ್ಕೂ ಕೈ ಹಚ್ಚುವುದಿಲ್ಲ. ಇದು ಪೋರ್ಟಲಿಗೆ ಗೊತ್ತಿರಲಿಲ್ಲ. ವಿದ್ಯಾವತಿ ಸೇರಿದ ಹೊಸತರಲ್ಲಿ ಒಂದು ಶುಕ್ರವಾರ ಹನ್ನೊಂದಕ್ಕೆ ಲಕೋಟೆ ತೆರೆಯಬೇಕಾಗಿ ಬಂತು. ಕ್ಯಾಲೆಂಡರ್ ನೋಡಿದ ಸಾಹೇಬರು ಕೀಯನ್ನು ಅವಳ ಕೈಗೆ ಕೊಟ್ಟು, "ನೀ ಒತ್ತವಾ. ನೀ ಒತ್ತಿದ್ರ ನನಗ ದೋಷ ತಟ್ಟಂಗಿಲ್ಲ" ಎಂದರು. ನಂಬಿಕೆ ಇಟ್ಟು ಕೊಟ್ಟರು ಎಂದು ಅವಳಿಗೆ ಹೆಮ್ಮೆಯಾಯಿತು. ದೋಷ ತನಗೆ ತಟ್ಟುತ್ತದೋ ಇಲ್ಲವೋ ಎಂದು ಕೇಳುವುದು ಹೊಳೆಯಲಿಲ್ಲ. ಆಮೇಲೆ ಕೀ ಡಬ್ಬಿಯಲ್ಲೇ ಉಳಿಯಿತು. ವರ್ಷದ ಹಿಂದೆ ಕೀ ಹೊಸದು ಮಾಡಿಸಿದಾಗ ಪಿನ್ ಯಾವುದಿರಲಿ ಎಂದು ಕೇಳಿದ್ದಳು. "ಯಾವುದರ ಹಾಕವಾ" ಎಂದಿದ್ದರು. ಆಗ ಅವಳ ತಲೆಯಲ್ಲಿ ಮರೆಯಲಾರದ ತಾರೀಖು ಒಂದೇ ಇತ್ತು, ತಾನು ನೌಕರಿಗೆ ಹಾಜರಾದ ದಿನ. ಅದನ್ನೇ ಹಾಕಿದಳು.

ಈಗ ಅದೇ ಎಂಟು ಅಂಕಿ ಬೆಳಗಿನಿಂದ ಅವಳ ತಲೆಯೊಳಗೆ ಸುತ್ತುತ್ತಿದ್ದವು.

ತಂಟೆ ಎಬ್ಬಿಸಿದವನು ಮುದ್ದೇಬಿಹಾಳದ ಹಾಸಿಗೆ-ಗಾದಿ ವ್ಯಾಪಾರಿ ಬಾಬುಲಾಲ. ಹಾಸ್ಟೆಲ್ ಹುಡುಗಿಯರಿಗೆ ಇನ್ನೂರಾ ನಲವತ್ತು ಗಾದಿ ಪೂರೈಸುವ ಟೆಂಡರಿನಲ್ಲಿ ಅವನ ಅರ್ಜಿ ಒಂದು ಸರ್ಟಿಫಿಕೇಟ್ ಇಲ್ಲದ್ದಕ್ಕೆ ಬಿದ್ದುಹೋಗಿತ್ತು. ಬಿದ್ದದ್ದು ನ್ಯಾಯವಾಗಿಯೇ. ಆದರೆ ಬಾಬುಲಾಲ ಸುಮ್ಮನೆ ಕೂಡುವ ಪೈಕಿ ಅಲ್ಲ. ಪೋರ್ಟಲ್ ತೆಗೆದು ನೋಡಿದ: ಹೋದ ತಿಂಗಳ ಒಂದು ಮಂಗಳವಾರ ಸಂಜೆ ನಾಲ್ಕೂ ಏಳಕ್ಕೆ ಬಸಂತರಾಯರ ಸಹಿಯಿಂದ ಲಕೋಟೆ ತೆರೆದಿದೆ. ಕಚೇರಿಯ ಫೇಸ್‌ಬುಕ್ ಪುಟ ತೆಗೆದು ನೋಡಿದ: ಅದೇ ಮಂಗಳವಾರ ನಾಲ್ಕೂ ಒಂಬತ್ತಕ್ಕೆ ಬಸಂತರಾಯರು ವಿಜಯಪುರದಲ್ಲಿ ಸಸಿ ನೆಡುತ್ತಿದ್ದಾರೆ. ಫೋಟೋದ ಕೆಳಗೆ ತಾರೀಖು, ನಿಮಿಷ, ಅಕ್ಷಾಂಶ, ರೇಖಾಂಶ, ಎಲ್ಲ ಅಚ್ಚಾಗಿತ್ತು. ಹಾಗೆ ಅಚ್ಚಾಗಲೇಬೇಕೆಂದು ಇನ್ನೊಂದು ಸುತ್ತೋಲೆ ಇತ್ತು. ಎರಡನ್ನೂ ಲಗತ್ತಿಸಿ ಬಾಬುಲಾಲ ದೂರು ಬರೆದ: ನಲವತ್ತು ಕಿಲೋಮೀಟರನ್ನು ಎರಡು ನಿಮಿಷದಲ್ಲಿ ಕ್ರಮಿಸುವ ಈ ಅಧಿಕಾರಿಯ ವಾಹನ ಯಾವುದೆಂದು ತನಿಖೆಯಾಗಬೇಕು.

ತನಿಖೆ ಇವತ್ತೇ. ಮೂರೂವರೆಗೆ ಜಿಲ್ಲಾ ಕಚೇರಿಯ ತನಿಖಾಧಿಕಾರಿ ಸುನಂದಾ ಮೇಡಂ ಬರುವವರಿದ್ದರು.

ಹನ್ನೆರಡಕ್ಕೆ ಸಾಹೇಬರ ಕೋಣೆಯ ಕರೆಗಂಟೆ ಬಾರಿಸಿತು.

"ಬಾರವಾ. ಕೂಡು."

ಇಪ್ಪತ್ತೆರಡು ತಿಂಗಳಲ್ಲಿ ಅವರು ಅವಳಿಗೆ ಕೂಡು ಅಂದದ್ದು ಇದೇ ಮೊದಲು. ವಿದ್ಯಾವತಿ ಕುರ್ಚಿಯ ತುದಿಗೆ ಕೂತಳು.

"ಮಂಗಳವಾರ ಮೂರರಿಂದ ನಾಲ್ಕೂವರಿ ರಾಹುಕಾಲ," ಎಂದು ಬಸಂತರಾಯರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ ಉಸಿರು ಬಿಟ್ಟರು. "ಇವರಿಗೆ ಬ್ಯಾರೆ ಟೈಮ ಸಿಗಲಿಲ್ಲೇನು. ಇರ್ಲಿ. ನಾ ಏನ್ ಹೇಳ್ತೇನಿ ಅಂದ್ರ, ಕೀ ನನ್ನ ಡ್ರಾದಾಗ ಇರ್ತಿತ್ತು. ಡ್ರಾಕ್ಕ ಬೀಗ ಇರ್ತಿತ್ತು. ಇಷ್ಟ. ಇದರಾಗ ಸುಳ್ಳೇನೈತಿ? ಡ್ರಾನೂ ಐತಿ, ಬೀಗಾನೂ ಐತಿ."

"ಮತ್ತ ತೆರದವ್ರು ಯಾರಂತ ಕೇಳಿದ್ರ, ಸರ್?"

"ಅದನ್ನ ಅವ್ರು ಹುಡುಕ್ಲಿ. ನಿನ್ನ ಹೆಸರು ನನ್ನ ಬಾಯಾಗ ಬರಂಗಿಲ್ಲ. ನೀನೂ ಏನೂ ಮಾತಾಡಾಕ ಹೋಗಬ್ಯಾಡ." ಮೇಜಿನ ಗಾಜನ್ನು ಬೆರಳಿನಿಂದ ಒರೆಸುತ್ತ ಹೇಳಿದರು: "ನೀ ನನಗ ಮಗಳಿದ್ದಂಗ."

ಅಲ್ಲಿಯತನಕ ಅವಳಿಗಿದ್ದದ್ದು ಅಳುಕು. ಮಗಳಿದ್ದಂಗ ಅಂದ ಮೇಲೆ ಭಯ ಹುಟ್ಟಿತು.

ಹೊರಗೆ ಬಂದು ಕೂತು ಲೆಕ್ಕ ಹಾಕಿದಳು. ಡ್ರಾಕ್ಕೆ ಬೀಗ. ಬೀಗದೊಳಗಿನ ಕೀ ಯಾರೋ ಕದ್ದರು. ಕದ್ದವರು ಲಕೋಟೆ ತೆರೆದದ್ದು ಯಾವ ಕಂಪ್ಯೂಟರಿನಲ್ಲಿ? ಇವಳದರಲ್ಲಿ. ಪಿನ್ ಯಾವುದು? ಇವಳು ಹಾಜರಾದ ತಾರೀಖು. ಸಾಹೇಬರು ಇವಳ ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

"ಪ್ರೊಬೇಷನ್ ಎಷ್ಟ ಉಳದೈತಿ?" ಎಂದ ಯಾಕೂಬಸಾಬ.

"ಎರಡ ತಿಂಗಳ."

"ಸಿಂದಗಿ ಕಡೆ ಒಬ್ಬಾಂವ ಹಿಂಗ ಇನ್ನೊಬ್ರ ಸಹಿ ಒತ್ತಿದ್ದ. ಪೊಲೀಸ್ ಕೇಸ್ ಆತು. ಈಗ ಇಂಡಿ ಊರಾಗ ಝೆರಾಕ್ಸ್ ಅಂಗಡಿ ಹಾಕ್ಯಾನ. ಚಲೋ ನಡೀತೈತಂತ."

"ಕಾಕಾ, ಧೈರ್ಯ ಹೇಳಾಕತ್ತೀರೋ ಅಂಜಸಾಕತ್ತೀರೋ?"

"ನಾ ಸುದ್ದಿ ಹೇಳಾಕತ್ತೇನಿ."

ಬುತ್ತಿಯನ್ನು ಅವಳು ಬಿಚ್ಚಲಿಲ್ಲ. ಇಂಗಳೇಶ್ವರದಿಂದ ಅವ್ವ ಸುಮಿತ್ರಾಬಾಯಿ ಫೋನ್ ಮಾಡಿದಳು, ಬರುವಾಗ ಒಂದು ಕಿಲೋ ಶೇಂಗಾ ಎಣ್ಣೆ ತಾ ಎಂದಳು. "ಹೂಂ" ಎಂದಳು ವಿದ್ಯಾವತಿ. ಧ್ವನಿ ಯಾಕ ಹಂಗೈತಿ ಎಂದು ಅವ್ವ ಕೇಳುವುದರೊಳಗೆ ಫೋನ್ ಇಟ್ಟಳು.

ಸುನಂದಾ ಮೇಡಂ ಮೂರೂ ಇಪ್ಪತ್ತೆಂಟಕ್ಕೇ ಬಂದರು. ಸಣ್ಣ ಅಂಚಿನ ಇಳಕಲ್ ಸೀರೆ, ಕೈಯಲ್ಲಿ ಸ್ವಂತದ ನೀರಿನ ಬಾಟಲಿ. ಚಹಾ ಬೇಡ ಎಂದರು, ಎಳನೀರೂ ಬೇಡ ಎಂದರು. ಫೈಲು ಹಿಡಿದು ಸಾಹೇಬರ ಕೋಣೆಯ ಬಾಗಿಲ ಹತ್ತಿರ ನಿಲ್ಲುವುದು ವಿದ್ಯಾವತಿಯ ಪಾಲಿಗೆ ಬಂತು. ಫೈಲಿನ ಅಂಚು ಅವಳ ಕೈಯ ಬೆವರಿಗೆ ಮೆತ್ತಗಾಗುತ್ತಿತ್ತು.

ಬಸಂತರಾಯರು ಹೇಳಿದರು: ಡ್ರಾ, ಬೀಗ. ಮೇಡಂ ಎಲ್ಲವನ್ನೂ ಬರೆದುಕೊಂಡರು.

"ಹಂಗಾರ ಕೀ ಸದಾ ನಿಮ್ಮ ಹತ್ರಾನ."

"ಸದಾ."

"ನೀವ ಹಾಕ್ತೀರಿ, ನೀವ ಒತ್ತತೀರಿ."

"ನಾನ, ಮೇಡಂ."

"ಅವತ್ತೊಂದ ದಿನ ಮಾತ್ರ ಯಾರೋ ಕದ್ದ ಒತ್ಯಾರ."

"ಯಾರೋ."

"ಆತು." ಮೇಡಂ ಪೆನ್ನಿನ ಟೊಪ್ಪಿಗೆ ಹಾಕಿದರು. "ಒಮ್ಮೆ ಪೋರ್ಟಲ್‌ದಾಗ ಲಾಗಿನ್ ಆಗಿ ತೋರಸ್ರಿ. ಕೀ ಕೆಲಸ ಮಾಡ್ತೈತಿ ಅಂತ ನಾ ಬರಕೋಬೇಕು."

ಬಸಂತರಾಯರು ಕಿಸೆಯಿಂದ ಕೀ ತೆಗೆದರು. ಕಂಪ್ಯೂಟರಿನ ಹಿಂದೆ ಮುಂದೆ ಹುಡುಕಿದರು. ತೂತು ಸಿಕ್ಕಿತು, ಕೀ ಹೋಗಲಿಲ್ಲ. ಮತ್ತೆ ಒತ್ತಿದರು. ಮೂರನೆಯ ಸಲ ಜೋರು ಮಾಡಿ ತುರುಕುವಾಗ ವಿದ್ಯಾವತಿಯ ಬಾಯಿ, ಅವಳನ್ನು ಕೇಳದೆ, ಒಂದೂವರೆ ವರ್ಷದ ರೂಢಿಯಿಂದ ತೆರೆದುಕೊಂಡಿತು.

"ತಲಿಕೆಳಗ ಐತ್ರಿ ಸರ್."

ಮೇಡಂ ತಲೆ ಎತ್ತಲಿಲ್ಲ. ಕಣ್ಣು ಮಾತ್ರ ಎತ್ತಿ ನೋಡಿ ಇಳಿಸಿದರು. ಅವಳು ನಾಲಿಗೆ ಕಚ್ಚಿಕೊಂಡಳು.

ಕೀ ಈಗ ಸರಿಯಾಗಿ ಕೂತಿತು. ಪರದೆಯ ಮೇಲೆ ಪಿನ್ನಿನ ಬಿಳಿ ಚೌಕ ಬಂತು. ಬಸಂತರಾಯರು ತೋರುಬೆರಳೊಂದರಿಂದ ತಮ್ಮ ಹುಟ್ಟಿದ ತಾರೀಖು ಒತ್ತಿದರು. ತಪ್ಪು. ಮೊಮ್ಮಗನದು ಒತ್ತಿದರು. ತಪ್ಪು. ಇನ್ನು ಒಂದೇ ಅವಕಾಶ, ಆಮೇಲೆ ಕೀ ಮುಚ್ಚಿಹೋಗುತ್ತದೆ ಎಂದು ಪರದೆ ಕೆಂಪು ಅಕ್ಷರದಲ್ಲಿ ಹೇಳಿತು. ಅವರ ಬೆರಳು ಕೀಬೋರ್ಡಿನ ಮೇಲೆ ಗಾಳಿಯಲ್ಲಿ ನಿಂತಿತು. ಫ್ಯಾನು ಕಟಕಟ ಎನ್ನುತ್ತಿತ್ತು.

"ನಿಮ್ಮ ಹೆಸರು?" ಎಂದರು ಮೇಡಂ. ಕೇಳಿದ್ದು ಸಾಹೇಬರನ್ನಲ್ಲ.

"ವಿದ್ಯಾವತಿ ರೀ."

"ನಿಮ್ಮ ಬೆರಳ ಏನ್ ಒತ್ತಾಕತ್ತಾವು?"

ವಿದ್ಯಾವತಿ ಕೆಳಗೆ ನೋಡಿದಳು. ಫೈಲಿನ ಬೆನ್ನ ಮೇಲೆ ಅವಳ ಬಲಗೈ ಬೆರಳು ಸಾಲಾಗಿ ಆಡುತ್ತಿದ್ದವು. ಎಂಟು ಸಲ ಆಡಿ ನಿಲ್ಲುವುದು, ಮತ್ತೆ ಎಂಟು ಸಲ. ನಿಲ್ಲಿಸಿದಳು. ಸಾಹೇಬರ ಮುಖ ನೋಡಿದಳು. ಅಲ್ಲಿ ಗದರಿಕೆ ಇದ್ದಿದ್ದರೆ ಸುಮ್ಮನಿರುತ್ತಿದ್ದಳೇನೋ. ಐವತ್ತೆಂಟರ ಆ ಮನುಷ್ಯನ ಕಣ್ಣು, ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡುವ ಹುಡುಗನ ಕಣ್ಣಿನ ಹಾಗೆ ಅವಳಿಗೆ ಅಂಟಿಕೊಂಡಿತ್ತು. ಅವರು ಇನ್ನೂ ಕಾಯುತ್ತಿದ್ದರು, ಅವಳೇ ಬಂದು ಒತ್ತಿಕೊಡಲಿ ಎಂದು.

"ಪಿನ್ ನನಗ ಗೊತ್ತೈತ್ರಿ," ಎಂದಳು. "ನಾ ನೌಕರಿಗೆ ಹಾಜರಾದ ತಾರೀಖ ಅದು. ಕೀ ನನ್ನ ಟೇಬಲ್ ಮ್ಯಾಲಿನ ಡಬ್ಬ್ಯಾಗ ಇರ್ತಿತ್ರಿ. ಅವತ್ತ ತೆರದಾಕಿ ನಾನ."

"ಕದ್ದಿದ್ರೇನು?"

"ಇಲ್ರಿ. ಸರ್ ಕೊಟ್ಟಿದ್ರು."

"ಯಾಕ ಕೊಟ್ಟಿದ್ರು?"

ಇದಕ್ಕೆ ಅವಳು ಕಚೇರಿಯ ಭಾಷೆಯಲ್ಲಿ ಉತ್ತರ ಹುಡುಕಿದಳು. ಇರಲಿಲ್ಲ.

"ರಾಹುಕಾಲದಾಗ ಅವ್ರು ಮುಟ್ಟಂಗಿಲ್ರಿ. ಮೊದಲ ರಾಹುಕಾಲದಾಗಷ್ಟ ಕೊಡ್ತಿದ್ರು. ಆಮ್ಯಾಲೆ ಅದು ಅಲ್ಲೇ ಉಳೀತು."

ಹೊರಗೆ ಯಾಕೂಬಸಾಬ ಕೆಮ್ಮಿದ. ಬಸಂತರಾಯರು ಕೀಬೋರ್ಡಿನಿಂದ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಬರದ ಕೊಡ್ತೀರಿ?" ಎಂದರು ಮೇಡಂ.

"ಕೊಡ್ತೇನ್ರಿ."

ಒಂದು ಪುಟ ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಸರಕಾರಿ ಹಾಳೆಯ ಮೇಲೆ ರಾಹುಕಾಲ ಎಂದು ಬರೆಯುವಾಗ, ಈ ಒಂದು ಶಬ್ದಕ್ಕೇ ತನ್ನನ್ನು ತೆಗೆದುಹಾಕುತ್ತಾರೆ ಎಂದು ಖಾತ್ರಿಯಾಯಿತು. ಮೇಡಂ ಎರಡು ಸಲ ಓದಿದರು. ಕೆಳಗೆ ಸಹಿ ಹಾಕಲು ಪೆನ್ನು ತೆರೆದು, ಗೋಡೆಯ ಕ್ಯಾಲೆಂಡರನ್ನು ನೋಡಿದರು, ಕೈಗಡಿಯಾರ ನೋಡಿದರು. ನಾಲ್ಕೂ ಹದಿನೈದು. ಟೊಪ್ಪಿಗೆ ಮತ್ತೆ ಹಾಕಿದರು.

"ಚಾ ತರಸ್ರಿ," ಎಂದರು.

ಸಹಿ ಬಿದ್ದದ್ದು ನಾಲ್ಕೂವರೆ ದಾಟಿದ ಮೇಲೆ.

ಆದೇಶ ಮೂರು ವಾರಕ್ಕೆ ಬಂತು. ಟೆಂಡರ್ ರದ್ದು, ಮರುಟೆಂಡರ್. ಬಸಂತರಾಯರಿಗೆ ಲಿಖಿತ ಎಚ್ಚರಿಕೆ. ವಿದ್ಯಾವತಿಯ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ. ಹುಡುಗಿಯರು ಹಳೆಯ ಗಾದಿಯ ಮೇಲೇ ಪರೀಕ್ಷೆ ಮುಗಿಸಿ ಊರಿಗೆ ಹೋದರು.

ಮರುಟೆಂಡರಿನ ಲಕೋಟೆ ತೆರೆಯುವುದು ಒಂದು ಗುರುವಾರ, ಮಧ್ಯಾಹ್ನ ಎರಡಕ್ಕೆ ಎಂದು ನಿಗದಿಯಾಯಿತು. ಗುರುವಾರದ ರಾಹುಕಾಲ ಒಂದೂವರೆಯಿಂದ ಮೂರು. ಒಂದೂ ನಲವತ್ತೈದಕ್ಕೆ ಬಸಂತರಾಯರು ಕೋಣೆಯಿಂದ ಹೊರಬಂದು ಅವಳ ಟೇಬಲ್ಲಿನ ಮುಂದೆ ನಿಂತರು. ಹೊಸ ಪಿನ್ ಬರೆದ ಚೀಟಿ ಸುತ್ತಿದ ಕೀಯನ್ನು ಡಬ್ಬಿಯೊಳಗೆ ಇಟ್ಟು, ಈ ಸಲ ಮುಚ್ಚಳವನ್ನೂ ಹಾಕಿ, ಒಳಗೆ ಹೋದರು.

ವಿದ್ಯಾವತಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಎರಡು ಗಂಟೆಯಾಯಿತು. ಎರಡೂ ಹತ್ತಕ್ಕೆ ಬಾಬುಲಾಲನ ಫೋನು: "ಬಾಯಾರ, ಲಕೋಟಿ ಇನ್ನೂ ತೆರದಿಲ್ಲಲ್ರಿ."

"ಸಾಹೇಬ್ರು ತೆರೀತಾರ್ರಿ."

ಎರಡೂ ಇಪ್ಪತ್ತಕ್ಕೆ ಒಳಗಿನಿಂದ ಗಂಟೆ ಬಾರಿಸಿತು. ಎದ್ದು ನಿಂತಳು, ಮತ್ತೆ ಕೂತಳು. ಯಾಕೂಬಸಾಬ ಪೇಪರಿನಿಂದ ತಲೆ ಎತ್ತಲಿಲ್ಲ. ಗಂಟೆ ಇನ್ನೊಮ್ಮೆ ಬಾರಿಸಿತು, ಇನ್ನೊಮ್ಮೆ. ಆಮೇಲೆ ನಿಂತಿತು. ಡಬ್ಬಿಯ ಮುಚ್ಚಳದ ಮೇಲೆ ಒಂದು ನೊಣ ಕೂತು, ಸುತ್ತು ಹೊಡೆದು, ಹಾರಿಹೋಯಿತು.

ಮೂರು ಗಂಟೆಗೆ ಬಸಂತರಾಯರು ಬಂದು ಕೀ ತೆಗೆದುಕೊಂಡು ಹೋದರು. ಮೂರೂ ಎರಡಕ್ಕೆ ಲಕೋಟೆಗಳು ತೆರೆದವು.