ಶಿವನಂಜಮ್ಮನ ಅರಿಶಿನದ ಕೈ

ದೇವಿ ಹಾಕುವವರು ಬಂದರೆಂದರೆ ಸಾಕು, ನಮ್ಮ ಲಷ್ಕರ್ ಮೊಹಲ್ಲಾದ ಮಕ್ಕಳೆಲ್ಲ ಮಾಯ. ಸಿಡುಬು ಬರದ ಹಾಗೆ ತೋಳಿಗೆ ಗೀರಿ ಹಾಕುವ ಆ ಲಸಿಕೆಗೆ ಹೆದರುವಷ್ಟು ನಾವು ಸಿಡುಬಿಗೇ ಹೆದರುವುದಿಲ್ಲ. ಎಂಥ ಜಾಣರು ನೋಡಿ ನಾವು!

ಹೂವು ಮಾರುವ ನನ್ನ ಗೆಳತಿ ಶಿವನಂಜಮ್ಮನೂ ಇಂಥ ಜಾಣೆಯೇ. ಹಿಂದೆ ಹಳ್ಳಿಯಲ್ಲಿದ್ದಾಗ ಮಗಳು ಸರ್ವಮಂಗಳಾಳನ್ನು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯೊಳಗೆ ಕೂರಿಸಿ, ದೇವಿ ಹಾಕುವವರಿಂದ ತಪ್ಪಿಸಿದ್ದಳು. ಆ ಮಗಳು ಓದಿ ಸ್ಕೂಲ್ ಟೀಚರಾದಳು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿಯಲು ವಿಲಾಯಿತಿಗೆ ಹೋಗುವ ಅವಕಾಶವೂ ಸಿಕ್ಕಿತು. ನಮ್ಮ ಬೀದಿಗೆ ಬೀದಿಯೇ ಹಿಗ್ಗಿಹೋಯಿತು.

ಪಕ್ಕದ ಮನೆಯ ಹೆಲ್ತ್ ವಿಸಿಟರ್ ದಾಕ್ಷಾಯಣಮ್ಮ ಮಾತ್ರ ಹುಡುಗಿಯ ತೋಳು ನೋಡಿ ತಲೆ ಅಲ್ಲಾಡಿಸಿದರು. ಹಡಗು ಹತ್ತಬೇಕಾದರೆ ದೇವಿ ಹಾಕಿಸಿರಬೇಕು, ಅದರ ಗುಳ್ಳೆ ಎದ್ದಿದೆಯೆಂದು ಡಾಕ್ಟರು ರುಜು ಮಾಡಬೇಕು, ಇಲ್ಲದಿದ್ದರೆ ಬೊಂಬಾಯಿಯಿಂದಲೇ ವಾಪಸ್ಸು ಎಂದರು. ಇಷ್ಟು ವರ್ಷ ಸಿಡುಬಿನ ದೇವತೆ ಅಮ್ಮನೇ ಕಾಪಾಡಲಿಲ್ಲವೇ ಎಂದು ಶಿವನಂಜಮ್ಮ ಗೊಣಗಿದಳು. ಕೊನೆಗೆ ಮಗಳ ಮುಖ ನೋಡಿ ಒಪ್ಪಿದಳು. ದಾಕ್ಷಾಯಣಮ್ಮ ದೇವಿ ಹಾಕಿ, ಆ ಜಾಗ ಮುಟ್ಟಬೇಡಿ ಎಂದು ಹೇಳಿಯೇ ಹೋದರು.

ಹೇಳಿದರೆ ಕೇಳುವ ಕೈಯೇ ಅದು? ಅವರು ಹೊಸಿಲು ದಾಟಿದ್ದೇ ತಡ, ತಾಯಿ ಒದ್ದೆ ಬಟ್ಟೆಯಲ್ಲಿ ಜಾಗ ಒರೆಸಿ, ಅರಿಶಿನ ಬೇವು ದಪ್ಪಗೆ ಮೆತ್ತಿಬಿಟ್ಟಳು. ಮಗಳು ತಡೆಯುವಷ್ಟರಲ್ಲಿ ಆಗಿಹೋಗಿತ್ತು.

ವಾರ ಕಳೆದು ನೋಡಿದರೆ ತೋಳು ನುಣ್ಣಗಿತ್ತು. ಗುಳ್ಳೆ ಏಳಲೇ ಇಲ್ಲವೆಂದು ಶಿವನಂಜಮ್ಮ ಹಿಗ್ಗುತ್ತಿದ್ದರೆ, ಲಸಿಕೆ ಹತ್ತಿಲ್ಲವೆಂದು ದಾಕ್ಷಾಯಣಮ್ಮ ಮುಖ ಸಣ್ಣದು ಮಾಡಿಕೊಂಡರು. ಹಡಗಿನ ದಿನ ಹತ್ತಿರವಾಗಿತ್ತು. ಸರ್ವಮಂಗಳಾಳ ಕಣ್ಣು ತುಂಬಿ ಬಂತು.

"ನನ್ನ ಕಳ್ಸಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲವ್ವ."

"ಉರೀತದೆ ಅಂತ ಹಚ್ಬುಟ್ಟೆ ಕಣವ್ವ. ನಿನ್ನ ದಾರಿಗೆ ನಾನು ಅಡ್ಡ ಬಂದೇನಾ?" ಶಿವನಂಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ಬಂತು.

ದಾಕ್ಷಾಯಣಮ್ಮ ಅವಳ ಪಕ್ಕದಲ್ಲೇ ಕೂತರು. "ಅರಿಶಿನ ಸಾರಿಗೆ ಹಾಕಿ, ಕೆನ್ನೆಗೆ ಹಚ್ಚಿ, ಯಾರು ಬೇಡ ಅಂತಾರೆ? ಇಲ್ಲಿಗೆ ಬೇಡ ಕಣ್ರೀ. ಒರೆಸ್ಬುಟ್ರೆ ಔಷಧಿ ಬಟ್ಟೆಗೆ ಹೋಯ್ತು, ಮಗಳಿಗೇನು ಸಿಕ್ತು? ಗುಳ್ಳೆ ಎದ್ದು, ಒಣಗಿ, ತಾನಾಗೇ ಉದುರ್ಬೇಕು. ಸ್ವಲ್ಪ ಜ್ವರ ಬಂದ್ರೂ ಗಾಬರಿ ಬೇಡ."

"ಅಮ್ಮ ಮುನಿಸ್ಕಂಡ್ರೆ?"

"ಮಕ್ಕಳನ್ನ ಕಾಪಾಡಿದ್ರೆ ಯಾವ ತಾಯಿ ಮುನಿಸ್ಕೋತಾಳೆ ಹೇಳಿ."

ಶಿವನಂಜಮ್ಮ ಕಣ್ಣೊರೆಸಿಕೊಂಡು ಮಗಳ ತೋಳು ಮುಂದೆ ಮಾಡಿದಳು. ಅಂದೇ ಮತ್ತೆ ದೇವಿ ಹಾಕಿದರು. ಈ ಸಲ ಕೈ ಸುಮ್ಮನಿರಲೆಂದು ತಾಯಿ ಮಲ್ಲಿಗೆ ಕಟ್ಟಿದ್ದೇ ಕಟ್ಟಿದ್ದು. ಆ ವಾರ ನಮ್ಮ ಬೀದಿಯ ಹೆಂಗಸರ ಮುಡಿಗೆಲ್ಲ ಬಿಟ್ಟಿ ಹೂವು! ಎದುರು ಮನೆಯ ಮಾದೇವಮ್ಮ ಬೇವಿನ ಸೊಪ್ಪು ಅರೆದು ತಂದಾಗ ಶಿವನಂಜಮ್ಮ ಅವಳನ್ನು ಹೊಸಿಲಾಚೆಯಿಂದಲೇ ವಾಪಸ್ಸು ಕಳಿಸಿದಳು. ಹುಡುಗಿಗೆ ಮೈ ಬೆಚ್ಚಗಾದಾಗ ಪಕ್ಕದಲ್ಲೇ ಕೂತು ಇನ್ನಷ್ಟು ಹೂವು ಕಟ್ಟಿದಳು, ಆದರೆ ತೋಳು ಮುಟ್ಟಲಿಲ್ಲ.

ಗುಳ್ಳೆ ಚೆನ್ನಾಗಿ ಎದ್ದಿತು. ಡಾಕ್ಟರು ನೋಡಿ ರುಜು ಹಾಕಿದರು. ಅಂದೇ ಶಿವನಂಜಮ್ಮ ದಾಕ್ಷಾಯಣಮ್ಮನ ಮುಂದೆ ಕುಪ್ಪಸದ ತೋಳು ಮೇಲೇರಿಸಿ ಕೂತಳು. "ನನಗೂ ಹಾಕ್ಬುಡಿ" ಎಂದಳು.

ಸ್ಟೇಷನ್ನಿನಲ್ಲಿ ಮಗಳಿಗೆ ಅರಿಶಿನ ಕುಂಕುಮ ಇಡುವಾಗ ತಾಯಿಯ ಕೈ ಅವಳ ತೋಳಿನ ಕಡೆ ಜಾರಿ, ಮುಟ್ಟದೆ ಅಲ್ಲೇ ನಿಂತಿತು. ಮಗಳು ನಕ್ಕುಬಿಟ್ಟಳು. ಈಗ ಮಗಳು ನೆನಪಾದಾಗಲೆಲ್ಲ ಶಿವನಂಜಮ್ಮ ತನ್ನ ತೋಳಿನ ಕಲೆ ಮುಟ್ಟಿಕೊಳ್ಳುತ್ತಾಳೆ. ಅಲ್ಲಿ ಮಗಳ ತೋಳಿನಲ್ಲೂ ಇದೇ ಕಲೆ ಇದೆಯಲ್ಲ ಎನ್ನುತ್ತಾಳೆ.

ಅಕ್ಕತಂಗಿಯರೇ, ನಿಮ್ಮ ಮಕ್ಕಳು ವಿಲಾಯಿತಿಗೇ ಹೋಗಬೇಕೆಂದಿಲ್ಲ, ಬೀದಿ ಕೊನೆಯ ಸ್ಕೂಲಿಗೆ ಹೋದರೂ ಸಾಕು. ದೇವಿ ಹಾಕುವವರು ಬಂದಾಗ ಮಕ್ಕಳನ್ನು ವಾಡೆಯಲ್ಲಿ ಬಚ್ಚಿಡಬೇಡಿ. ತೋಳು ಮುಂದೆ ಮಾಡಿಸಿ. ಹಾಕಿದ ಜಾಗ ಒರೆಸಬೇಡಿ, ಏನೂ ಮೆತ್ತಬೇಡಿ. ಕೈ ಸುಮ್ಮನಿರದಿದ್ದರೆ ಶಿವನಂಜಮ್ಮನ ಹಾಗೆ ಹೂವು ಕಟ್ಟುತ್ತ ಕೂರಿ, ಒಂದು ಮೊಳ ನನಗೂ ಕಳಿಸಿ.