ಹಿಡಿಯ ಹಿಂದಿನ ಹೆಬ್ಬೆರಳು

ನನ್ನ ಅಣ್ಣನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಸತ್ತವರ ಹೆಸರು ನಮ್ಮ ಬಾಯಿಗೆ ಬರಬಾರದು. ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದರೆ ಅವನನ್ನೂ ವರ್ಷಗಟ್ಟಲೆ ಬೇರೆ ಏನಾದರೂ ಹೇಳಿ ಕರೆಯುತ್ತೇವೆ. ಸತ್ತವನು ಮಲಗುತ್ತಿದ್ದ ಮನೆ ಬಿಟ್ಟು ಬೇರೆ ಮನೆಗೆ ಹೋಗುತ್ತೇವೆ, ಅವನ ಬಟ್ಟೆ ಸುಡುತ್ತೇವೆ. ಗಾಡಿ ಇದ್ದರೆ ದೂರದ ನೆಂಟರಿಗೆ ಕೊಟ್ಟುಬಿಡುತ್ತೇವೆ, ಮತ್ತೆ ಕಣ್ಣಿಗೆ ಬೀಳಬಾರದು. ಇದು ಈ ಮರುಭೂಮಿಯ ಮೂಲನಿವಾಸಿಗಳಾದ ನಮ್ಮ ಕಟ್ಟಳೆ. ಇದು ಅರ್ಥವಾಗದ ಬಿಳಿಯರನ್ನು ಬೇಕಾದಷ್ಟು ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಒಬ್ಬನ ಮೇಲೆ.

ಅವನ ಹೆಸರು ಬೇಕಾದರೆ ನೂರು ಸಲ ಹೇಳುತ್ತೇನೆ. ಬ್ರೆಟ್ ಹಾಲಿಗನ್. ಪಟ್ಟಣದ ತುದಿಯಲ್ಲಿ ಹಳೆ ಗಾಡಿ ಮಾರುವ ಅಂಗಳ ಇಟ್ಟುಕೊಂಡಿದ್ದಾನೆ.

ನಮ್ಮೂರು ಮಾಕು ಬೋರಿನಿಂದ ಪಟ್ಟಣಕ್ಕೆ ನಾನೂರು ಕಿಲೋಮೀಟರು, ಬಹುಪಾಲು ಕೆಂಪು ಮರಳು ಮತ್ತು ಗುಂಡಿ. ನಮ್ಮಜ್ಜ ಆ ದಾರಿಯಲ್ಲಿ ಒಂಟೆ ಹೊಡೆಯುತ್ತಿದ್ದ. ಆಮೇಲೆ ಮಿಷನ್ನಿನ ಪಾದ್ರಿಯ ಲ್ಯಾಂಡ್ ರೋವರ್ ಬಂತು. ಪಾದ್ರಿ ಮುಂದೆ, ಪಾದ್ರಿಯ ನಾಯಿ ಅವನ ಪಕ್ಕದಲ್ಲಿ, ನಮ್ಮವರು ಹಿಂದೆ ಧೂಳು ಕುಡಿಯುತ್ತ. ನೆಲ ನಮ್ಮದೆಂದು ಸರ್ಕಾರದ ಕಾಗದ ಬಂದ ಮೇಲೆ ಊರಿಗೆ ಮೊದಲ ಟೊಯೊಟಾ ಬಂತು. ಆ ದಿನ ಅಮ್ಮ ಮುಂದಿನ ಸೀಟಿನಲ್ಲಿ ಕೂತವಳು ಇಳಿಯಲೇ ಇಲ್ಲವಂತೆ, ಊಟವನ್ನೂ ಅಲ್ಲಿಗೇ ತರಿಸಿಕೊಂಡಳಂತೆ. ಇವತ್ತಿಗೂ ಮರಳಿನಲ್ಲಿ ಹೂತುಹೋಗದೆ ಓಡುವ ಗಾಡಿ ಯಾವುದಾದರೂ ಸರಿ, ನಾವು ಟೊಯೊಟಾ ಎಂದೇ ಕರೆಯುತ್ತೇವೆ. ಅದಿಲ್ಲದಿದ್ದರೆ ಆಸ್ಪತ್ರೆ ಇಲ್ಲ, ಅಂಗಡಿ ಇಲ್ಲ, ಬೇಟೆ ಇಲ್ಲ, ನೆಂಟರೂ ಇಲ್ಲ.

ಅಣ್ಣನದು ಬಿಳಿ ಗಾಡಿ, ಹಿಂದುಗಡೆ ಎರಡು ಉದ್ದ ಬೆಂಚಿನದು. ಹತ್ತು ಜನರ ಗಾಡಿಯಲ್ಲಿ ಹದಿನೆಂಟು ಜನರನ್ನು ಹಾಕಿಕೊಂಡು ಫುಟ್‌ಬಾಲ್ ಆಟಕ್ಕೆ ಹೋಗುತ್ತಿದ್ದ. ಟಯರು ಹರಿದು ಬೇರೆ ಇಲ್ಲದಿದ್ದರೆ ಅದರೊಳಗೆ ಸ್ಪಿನಿಫೆಕ್ಸ್ ಹುಲ್ಲು ತುರುಕಿ ಊರು ಮುಟ್ಟಿಸುತ್ತಿದ್ದ. ಒಮ್ಮೆ ಮುಂದಿನ ಸೀಟಿನ ಎದುರಿಗೆ, ಕುಲುಕಾಟಕ್ಕೆ ಹಿಡಿದುಕೊಳ್ಳಲು ಇರುವ ಕಬ್ಬಿಣದ ಹಿಡಿ ಒಂದು ಕಡೆ ಕಿತ್ತುಬಂತು. ಅಮ್ಮ ಸ್ಪಿನಿಫೆಕ್ಸ್ ಬಡಿದು, ಉದುರಿದ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಅಂಟು ಮಾಡಿಕೊಟ್ಟಳು. ಈಟಿಗೆ ಮೊನೆ ಕೂರಿಸುವ ಅಂಟು ಅದು, ಆರಿದರೆ ಕಲ್ಲು. ಅಣ್ಣ ಬಿಸಿ ಇರುವಾಗಲೇ ಅದನ್ನು ಹಿಡಿಯ ಹಿಂದೆ ಎಡಗೈ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ, ಸುಟ್ಟಿತೆಂದು ಕುಣಿದ, ನಾವೆಲ್ಲ ನಕ್ಕೆವು. ಹುಡುಗನಾಗಿದ್ದಾಗ ಫ್ಯಾನ್ ಬೆಲ್ಟಿಗೆ ಸಿಕ್ಕಿ ಆ ಬೆರಳು ಅಡ್ಡಕ್ಕೆ ಸೀಳಿತ್ತು. ಆರಿದ ಅಂಟಿನಲ್ಲಿ ಅವನ ಬೆರಳಿನ ಗುಳಿ ಉಳಿಯಿತು, ಗುಳಿಯ ನಡುವೆ ಆ ಸೀಳಿನ ಏಣು.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಎದೆಬಡಿತ ನಿಂತಿತು. ನಲವತ್ತೆರಡು ವರ್ಷ. ಗಾಡಿಯನ್ನು ಪಶ್ಚಿಮದ ನೆಂಟರು ಬಂದು ಒಯ್ದರು. ಡಾಕ್ಟರು, ಪೊಲೀಸು ಎಂದು ಹೆಣ ನಮಗೆ ಸಿಗುವುದಕ್ಕೇ ತಿಂಗಳುಗಳು ಹಿಡಿದವು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಮಣ್ಣು ಮಾಡುವುದೆಂದು ಗೊತ್ತಾಯಿತು.

ಅಮ್ಮ ಪಟ್ಟಣದಲ್ಲಿದ್ದಳು. ಸಕ್ಕರೆ ಕಾಯಿಲೆ ಅವಳ ಕಿಡ್ನಿಯನ್ನೂ ಮುಕ್ಕಾಲು ಕಣ್ಣನ್ನೂ ತಿಂದಿತ್ತು. ಸೋಮವಾರ, ಬುಧವಾರ, ಶುಕ್ರವಾರ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಲೇಬೇಕು. ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಮಾತ್ರ ಅವಳು ಸ್ವತಂತ್ರಳು.

"ನನ್ನ ಮಗನ ಮೇಲೆ ಮೊದಲನೇ ಹಿಡಿ ಮಣ್ಣು ನಾನೇ ಹಾಕ್ಬೇಕು," ಎಂದಳು ಫೋನಿನಲ್ಲಿ. "ಏನಾದ್ರೂ ಮಾಡು. ಕತ್ತೆ ತಂದ್ರೂ ಹತ್ತಿ ಬರ್ತೀನಿ."

ಊರಿನಲ್ಲಿ ಆ ವಾರ ಓಡುವ ಸ್ಥಿತಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಹೆಂಗಸರೆಲ್ಲ ತಾವು ಬರೆದ ಚಿತ್ರ ಮಾರಿದ ದುಡ್ಡು ಒಟ್ಟುಗೂಡಿಸಿ ನನ್ನ ಕೈಗಿತ್ತು, ಅಂಚೆ ಗಾಡಿ ಹತ್ತಿಸಿ ಕಳಿಸಿದರು. ನಾನು ಶಾಲೆಯ ಅಡುಗೆಯವಳು. ಗಾಡಿ ಓಡಿಸುವುದು ಗೊತ್ತು, ಬಿಚ್ಚುವುದು ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಹಾಲಿಗನ್ನನ ಅಂಗಳಕ್ಕೆ ಕಾಲಿಟ್ಟೆ.

"ಬಾ ಅಕ್ಕಾ, ಬಾ!" ನಮ್ಮವರ ಹಾಗೆ ಅಕ್ಕಾ ಎನ್ನುವುದನ್ನೂ ಕಲಿತಿದ್ದ. "ಯಾವೂರು? ಮಾಕು ಬೋರಾ? ಅಯ್ಯೋ, ಮರಳಲ್ವಾ ಅಲ್ಲಿ! ನಿಂಗೆ ಅಂತಾನೇ ಒಂದು ಇಟ್ಟಿದೀನಿ ನೋಡು."

ಕಂದು ಬಣ್ಣದ ಗಾಡಿ, ಮಿರಮಿರ ಹೊಳೆಯುತ್ತಿತ್ತು. ಮುಂದುಗಡೆ ಹೊಸ ಕಬ್ಬಿಣದ ತಡೆ, ಸೀಟಿಗೆ ಹೊಸ ಬಟ್ಟೆ.

"ಯಾರದಿದು?"

"ಒಬ್ಬ ಮುದುಕ ರೈತಂದು. ಭಾನುವಾರ ಚರ್ಚಿಗೆ ಬಿಟ್ರೆ ಹೊರಗೇ ತೆಗೀತಿರ್ಲಿಲ್ಲ. ಸಕ್ಕರೆ ಎಷ್ಟು ಹಾಕ್ಲಿ ಟೀಗೆ?"

ಟೀ ಕುಡಿದೆ. ಅವನ ಕೈಯ ಟೀ ಕುಡಿದು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಆಸ್ಪತ್ರೆಯಿಂದ ಅಮ್ಮನನ್ನು ಹತ್ತಿಸಿಕೊಂಡು ಹೊರಟಾಗ ಎರಡನೇ ಗೇರು ಒಂದೇ ಸಲಕ್ಕೆ ಬೀಳಲಿಲ್ಲ. ಸ್ವಲ್ಪ ಹಿಂದೆ ತಂದು ಮತ್ತೆ ತಳ್ಳಬೇಕು. ನನ್ನ ಕೈ ತಾನಾಗಿ ಹಾಗೇ ಮಾಡಿತು. ಕೈಗೆ ಗೊತ್ತಾಗಿತ್ತು, ಈ ಹಾಳು ತಲೆಗೆ ಹೊಳೆಯಲಿಲ್ಲ.

ಅಮ್ಮ ಖುಷಿಯಾಗಿದ್ದಳು ಎಂದರೆ ತಪ್ಪಾಗುತ್ತದೆ, ಮಗನನ್ನು ಹೂಳಲು ಹೊರಟವಳು. ಆದರೆ ಊರಿನ ಗಾಳಿ ಬಡಿದಂತೆ ಬಾಯಿ ಬಂತು. ಆಸ್ಪತ್ರೆಯ ನರ್ಸುಗಳನ್ನು ಅಣಕಿಸಿದಳು. ನನ್ನ ಡ್ರೈವಿಂಗನ್ನು ಬೈದಳು. "ನೀನು ಗುಂಡಿ ಹುಡುಕ್ಕೊಂಡು ಹೋಗ್ತೀಯೇನೇ? ಒಂದನ್ನೂ ಬಿಡ್ಲಿಲ್ವಲ್ಲ!"

ಡಾಂಬರು ಮುಗಿದು ಬಹಳ ಹೊತ್ತಾಗಿತ್ತು. ನೂರ ಎಂಬತ್ತು ಕಿಲೋಮೀಟರು ಬಂದಿದ್ದೆವು. ದೊಡ್ಡ ಗುಂಡಿಯೊಂದಕ್ಕೆ ಅಮ್ಮ ಎದುರಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದಳು. ಹಿಡಿದವಳು ಬಿಡಲಿಲ್ಲ. ಅವಳ ಬೆರಳುಗಳು ಹಿಡಿಯ ಹಿಂದೆ ಏನನ್ನೋ ತಡವಿದವು.

"ನಿಲ್ಸು."

"ಏನಮ್ಮಾ, ವಾಂತಿ ಬರ್ತಿದ್ಯಾ?"

"ಗಾಡಿ ನಿಲ್ಸು ಅಂದೆ!"

ನಿಲ್ಲಿಸುವ ಮೊದಲೇ ಬಾಗಿಲು ತೆಗೆದಳು. ಇಳಿಯಲು ಹೋಗಿ ಮರಳಿಗೆ ಬಿದ್ದಳು. ನಾನು ಎತ್ತಲು ಓಡಿದರೆ ನನ್ನನ್ನೇ ತಳ್ಳಿದಳು.

"ಎಲ್ಲಿಂದ ತಂದ್ಯೇ ಇದನ್ನ?"

"ಹಾಲಿಗನ್ ಹತ್ರ. ಯಾರೋ ರೈತಂದಂತೆ..."

"ಹಿಡಿ ಹಿಂದೆ ಕೈ ಹಾಕು. ಹಾಕು!"

ಹಾಕಿದೆ. ಮೇಲೆಲ್ಲ ಕರಿ ಬಣ್ಣ ಬಳಿದಿದ್ದರು, ಹಿಂದೆ ಯಾರೂ ನೋಡುವುದಿಲ್ಲವೆಂದು ಬಿಟ್ಟಿದ್ದರು. ಅಂಟಿನ ಗಂಟು ಕೈಗೆ ಸಿಕ್ಕಿತು. ಅದರಲ್ಲೊಂದು ಗುಳಿ. ನನ್ನ ಬೆರಳು ಅದರೊಳಗೆ ಕೂತಿತು, ಆ ಏಣು ಚರ್ಮಕ್ಕೆ ತಾಗಿತು.

ಬಿಳಿ ಬಣ್ಣದ ಮೇಲೆ ಕಂದು ಬಳಿದು ಹಾಲಿಗನ್ ನನ್ನ ಕಣ್ಣಿಗೆ ಮಣ್ಣೆರಚಿದ್ದ. ಕಣ್ಣು ಕಾಣದ ಅಮ್ಮನಿಗೆ ಎರಚಲು ಆಗಲಿಲ್ಲ. ಆದರೆ ಅವಳನ್ನು ಸತ್ತ ಮಗನ ಗಾಡಿಯಲ್ಲಿ ಕೂರಿಸಿ, ಅವನ ಮಣ್ಣಿಗೇ ಕರೆದುಕೊಂಡು ಹೊರಟವಳು ನಾನು. ಹೊಟ್ಟೆಯಲ್ಲಿ ಹುಟ್ಟಿದ ಮಗಳು. ನನ್ನ ಕೆನ್ನೆಗೆ ನಾನೇ ಬಡಿದುಕೊಂಡೆ.

"ಹೊಡ್ಕೊಂಡ್ರೆ ಏನ್ ಬಂತು," ಎಂದಳು ಅಮ್ಮ. ಒಂದು ಮಲ್ಗಾ ಮರದ ಬುಡಕ್ಕೆ ತೆವಳಿ ಹೋಗಿ, ಗಾಡಿಗೆ ಬೆನ್ನು ಮಾಡಿ ಕೂತಳು. "ನಾನು ಇದನ್ನ ಮತ್ತೆ ಹತ್ತಲ್ಲ. ಇಲ್ಲೇ ಸತ್ರೂ ಹತ್ತಲ್ಲ."

ಹೇಗೆ ಎಂದು ಯೋಚಿಸಿದರೆ ತಿಳಿಯುತ್ತಿತ್ತು. ಪಶ್ಚಿಮದ ನೆಂಟರಿಗೂ ಅಣ್ಣ ನೆಂಟನೇ. ಅವರೂ ಅದನ್ನು ಇಟ್ಟುಕೊಳ್ಳಲಾರದೆ ಪಟ್ಟಣಕ್ಕೆ ತಂದಿರಬೇಕು. ಹಾಲಿಗನ್ ಅದಕ್ಕೆ ಯಾವುದೋ ತುಕ್ಕು ಹಿಡಿದ ಕಾರು ಕೊಟ್ಟು ಸಾಗಹಾಕಿರಬೇಕು. ದುಃಖದಲ್ಲಿರುವವರು ಚೌಕಾಸಿ ಮಾಡುವುದಿಲ್ಲ. ನಮ್ಮ ಕಟ್ಟಳೆ ಅವನಿಗೆ ವ್ಯಾಪಾರದ ಸರಕು.

ಸಂಜೆ ಬಿಸಿಲು ಇಳಿಯುವಾಗ ಧೂಳು ಕಂಡಿತು. ನನ್ನ ಸೋದರಮಾವ ಕ್ಲಿಫ್ಟನ್, ಅಣ್ಣನ ಮಣ್ಣಿಗೇ ಹೊರಟಿದ್ದ. ಸಣ್ಣ ಪಿಕಪ್ಪಿನಲ್ಲಿ ಒಂಬತ್ತು ಜನ, ಎರಡು ನಾಯಿ. ವಿಷಯ ಕೇಳಿ ಅವನು ಕಂದು ಗಾಡಿಯ ಕಡೆ ತಲೆ ಎತ್ತಿ ಕೂಡ ನೋಡಲಿಲ್ಲ. ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಏಳು. ಜಾಗ ಮಾಡ್ತೀನಿ."

"ಎಲ್ಲಿದೆಯೋ ಜಾಗ? ನಿನ್ನ ತಲೆ ಮೇಲಾ?"

"ನಾಯಿ ಇಳಿಸ್ತೀನಿ. ಅವಕ್ಕೆ ದಾರಿ ಗೊತ್ತು, ನಿನ್ನ ಮಗಳ ಥರ ಅಲ್ಲ."

ಅಮ್ಮ ನಕ್ಕಳು, ನಗುತ್ತಲೇ ಅತ್ತಳು. ಅವಳನ್ನು ಹೇಗೋ ಮುಂದೆ ತುರುಕಿದೆವು. ಇನ್ನೊಂದು ಕಾಲಿಗೂ ಜಾಗ ಇರಲಿಲ್ಲ. ಇದ್ದರೂ ನಾನು ಹೋಗುವಂತಿರಲಿಲ್ಲ. ಆ ಗಾಡಿಯನ್ನು ಊರಿಗೆ ಒಯ್ಯುವ ಹಾಗಿಲ್ಲ, ದಾರಿಯಲ್ಲಿ ಬಿಟ್ಟರೆ ಮಣ್ಣಿಗೆ ಬರುವ ಎಲ್ಲರೂ ನೋಡುತ್ತಾರೆ. ತಂದವಳು ನಾನು, ತೆಗೆದುಕೊಂಡು ಹೋಗಬೇಕಾದವಳೂ ನಾನೇ.

"ಅಣ್ಣಂಗೆ ನಾನು ಮಣ್ಣು ಹಾಕೋದು ಬೇಡ್ವೇನಮ್ಮಾ?" ಎಂದೆ ಕಿಟಕಿಯಲ್ಲಿ.

"ನಿನ್ನ ಪಾಲಿಂದೂ ನಾನೇ ಹಾಕ್ತೀನಿ," ಎಂದಳು. "ನೀನು ಅವನ ಬೆರಳನ್ನ ಆ ಕಳ್ಳನ ಮುಂದೆ ಹಿಡಿ."

ಗಾಡಿಯಿಂದ ದೂರ ಬರಿ ಮರಳಿನಲ್ಲಿ ಮಲಗಿ ಎದ್ದೆ. ಬೆಳಿಗ್ಗೆ, ಸತ್ತವರನ್ನು ಕಳಿಸುವ ನಮ್ಮ ಕ್ರಮದಂತೆ, ಹಸಿ ಸೊಪ್ಪು ಮುರಿದು ಬೆಂಕಿ ಹಾಕಿ, ಎಲ್ಲ ಬಾಗಿಲು ತೆರೆದು ಗಾಡಿಯ ಒಳಗೆಲ್ಲ ಹೊಗೆ ತುಂಬಿದೆ. ಅಣ್ಣನಿಗೆ ನಮ್ಮ ಮಾತಿನಲ್ಲಿ ಹೇಳಿದೆ, ನೀನು ಹೋಗು, ಇದು ನನ್ನ ಜಗಳ ಎಂದು. ಆಮೇಲೆ ಕಿಟಕಿಗಳನ್ನೆಲ್ಲ ಇಳಿಸಿ ಪಟ್ಟಣದ ಕಡೆ ತಿರುಗಿಸಿದೆ.

ಶನಿವಾರ ಹಾಲಿಗನ್ನನಿಗೆ ಸುಗ್ಗಿ. ಫುಟ್‌ಬಾಲಿಗೆ ಊರೂರಿಂದ ಬಂದ ನಮ್ಮವರು ಅಂಗಳದ ತುಂಬ ಇದ್ದರು. ಒಬ್ಬ ಮುದುಕ ನೀಲಿ ಗಾಡಿಯ ಸ್ಟೀರಿಂಗ್ ಹಿಡಿದು ಕೂತಿದ್ದ, ಅವನ ಹೆಂಡತಿ ಪಕ್ಕದ ಸೀಟಿನಲ್ಲಿ. ನಾನು ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಹಾರ್ನ್ ಒತ್ತಿ ಹಿಡಿದೆ.

ಹಾಲಿಗನ್ ಟೀ ಲೋಟ ಹಿಡಿದೇ ಓಡಿಬಂದ. "ಅಕ್ಕಾ! ಏನಾಯ್ತು? ಏನಾದ್ರೂ ಕೆಟ್ಟೋಯ್ತಾ?"

"ಯಾರ ಗಾಡಿ ಇದು?" ಎಂದೆ, ಹಿಡಿಯ ಹಿಂದಿನ ಗುಳಿಯ ಮೇಲೆ ಬೆರಳಿಟ್ಟು ತೋರಿಸಿ.

"ನಿಂದೇ ಅಕ್ಕಾ, ನಿನ್ನೆ ತಾನೇ..."

"ಮೊದಲು ಯಾರದಾಗಿತ್ತು? ಚರ್ಚಿಗೆ ಹೋಗೋ ಆ ರೈತನ ಹೆಸರು ಹೇಳು."

ಸುತ್ತ ಜನ ಸೇರಿದರು. ಅವನ ಮುಖದ ಬೆಣ್ಣೆ ಕರಗಿತು. "ನೋಡು, ನಾನೇನು ಕದ್ದಿಲ್ಲ. ನಿಮ್ಮೋರೇ ತಂದು ಕೊಟ್ರು. ಯಾಕೆ ಬೇಡ ಅಂತ ನಾನ್ಯಾಕೆ ಕೇಳ್ಲಿ? ಎಲ್ಲಾ ಕಾಗದ ಸರಿಯಾಗಿದೆ." ಆಫೀಸಿಗೆ ಹೋಗಿ ಒಂದು ಕಡತ ತಂದ. ಪುಟ ತಿರುವಿದ. ತಿರುವಿ, ಎಲ್ಲರ ಎದುರು, ಗಟ್ಟಿಯಾಗಿ ನನ್ನ ಅಣ್ಣನ ಹೆಸರು ಓದಿಬಿಟ್ಟ. ಹೆಸರು, ಮನೆತನ, ಊರು, ಎಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಹೊತ್ತಿಗೆ ಸರಿಯಾಗಿ ಅಲ್ಲಿ ಅಮ್ಮ ಮಣ್ಣು ಹಾಕುತ್ತಿದ್ದಳು. ಜನ ತಲೆ ತಗ್ಗಿಸಿದರು, ಯಾರೋ ಕಿವಿ ಮುಚ್ಚಿಕೊಂಡರು.

"ಗೊತ್ತಿತ್ತು ನಿಂಗೆ," ಎಂದೆ. "ಸತ್ತೋನ ಗಾಡಿ ಅಂತ ಗೊತ್ತಿತ್ತು. ಅವನ ಊರಿಗೇ ವಾಪಸ್ ಮಾರ್ದೆ."

"ಹಾಗಾದ್ರೆ ಏನು, ಸತ್ತೋರ ಗಾಡಿ ಅಂತ ಚೀಟಿ ಅಂಟಿಸ್ಬೇಕಿತ್ತಾ?"

"ಹೌದು."

ಅವನು ನನ್ನ ಮುಖ ನೋಡಿದ, ಜನರನ್ನು ನೋಡಿದ. ದನಿ ಇಳಿಸಿದ. "ಆಯ್ತು ಅಕ್ಕಾ, ಗಲಾಟೆ ಬೇಡ. ಬದಲಿಗೆ ಬೇರೆ ತಗೊಂಡು ಹೋಗು. ಆ ಹಸಿರುದು ತಗೋ. ಇನ್ನೂ ಒಳ್ಳೇದು."

"ಅದು ಯಾರದು?"

ಅವನ ಕಣ್ಣು ಕಡತಕ್ಕೆ ಹೋಯಿತು.

"ಆ ಕೆಂಪುದು? ಆ ಬೆಂಚಿಂದು? ಕಡತ ಕೈಯಲ್ಲೇ ಇದೆಯಲ್ಲ, ಓದು!"

ಹಾಲಿಗನ್ ಕಡತ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಪೊಲೀಸರನ್ನು ಕರೆಯುತ್ತೇನೆ ಎಂದ. ಕರಿ ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಒಬ್ಬೊಬ್ಬರೇ ಗಾಡಿಗಳಿಂದ ಕೈ ತೆಗೆದರು. ಕೆಲವರು ಹಾಗೇ ಗೇಟಿನತ್ತ ನಡೆದರು. ಕೆಲವರು ಬಗ್ಗಿ ಒಳಗೆ ನೋಡತೊಡಗಿದರು, ಸೀಟಿನ ಕೆಳಗೆ, ಬಾಗಿಲ ಸಂದಿಯಲ್ಲಿ.

ನೀಲಿ ಗಾಡಿಯಲ್ಲಿದ್ದ ಮುದುಕಿ ಇಳಿದಿರಲಿಲ್ಲ. ತಾನು ಕೂತಿದ್ದ ಸೀಟಿನ ಹೊಸ ಬಟ್ಟೆಯನ್ನು ಮೂಲೆಯಿಂದ ಮೆಲ್ಲಗೆ ಎತ್ತಿದಳು. ಕೆಳಗೆ ಹಳೆ ಸೀಟು ಹರಿದಲ್ಲಿ ಕೆಂಪು ಉಣ್ಣೆದಾರದ ಹೊಲಿಗೆ ಇತ್ತು, ಉದ್ದುದ್ದ, ಸೊಟ್ಟಸೊಟ್ಟ. ಅವಳು ಅದರ ಮೇಲೆ ಬೆರಳಾಡಿಸಿದಳು. ಗಂಡನ ಕಡೆ ತಿರುಗಿ, "ಇದು ನನ್ನ ಹೊಲಿಗೆ," ಎಂದಳು.

ಮುದುಕ ಸ್ಟೀರಿಂಗ್ ಬಿಟ್ಟ. ಅವಳು ಕೆಳಗಿಳಿದು ಎರಡು ಹೆಜ್ಜೆ ಇಟ್ಟು, ಹಾಲಿಗನ್ನನ ಎಣ್ಣೆ ಕಲೆಯ ನೆಲದ ಮೇಲೆ ಕೂತಳು. ಕೂತು ದನಿ ತೆಗೆದು ಅಳತೊಡಗಿದಳು.

ನಾನು ಹೋಗಿ ಅವಳ ಪಕ್ಕ ಕೂತು, ಹೆಗಲಿಗೆ ಹೆಗಲು ತಾಗಿಸಿದೆ. ಸತ್ತದ್ದು ಯಾರು, ಮಗನೋ ಮೊಮ್ಮಗನೋ ಎಂದು ಕೇಳಲಿಲ್ಲ. ಕೇಳಿದ್ದರೂ ಅವಳು ಹೆಸರು ಹೇಳುತ್ತಿರಲಿಲ್ಲ. ಅಣ್ಣನ ಮಣ್ಣಿನಲ್ಲಿ ಅಳಬೇಕಾದದ್ದನ್ನೆಲ್ಲ ಅಲ್ಲಿ ಅತ್ತೆ.